ಸಾವಿರಾರು ಪದ ಬಲ್ಲವಳಿಗೆ ಒಂದು ಪುಟ ಓದಲು ಏಕೆ ಆಗಲಿಲ್ಲ: ಒಂದು ಪ್ರಕರಣ ಅಧ್ಯಯನ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಸಸ್ಯಶಾಸ್ತ್ರ ಮುಖ್ಯ ವಿಷಯವಾಗಿರುವ ಪದವಿಯ ಮೊದಲ ವರ್ಷದಲ್ಲಿರುವ ವಿದ್ಯಾರ್ಥಿನಿಯೊಬ್ಬಳ ಪ್ರಕರಣ ಇದು. ಅವಳಿಗೆ ಇಂಗ್ಲಿಷ್ ಪಠ್ಯಪುಸ್ತಕದ ಒಂದು ಪುಟವನ್ನು ತಾನೇ ಓದಿ ಅರ್ಥ ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಹಾಗೆಂದು ಅವಳು ಪದಗಳನ್ನು ಕಲಿಯದೆ ಕೂತವಳಲ್ಲ. ಅವಳ ಬಳಿ ಒಂದು ದಪ್ಪ ನೋಟ್‌ಬುಕ್ ಇತ್ತು. ಅದರಲ್ಲಿ ಮೂರು ಅಂಕಣ: ಇಂಗ್ಲಿಷ್ ಪದ, ಕನ್ನಡ ಲಿಪಿಯಲ್ಲಿ ಉಚ್ಚಾರಣೆ, ಕನ್ನಡ ಅರ್ಥ. ಮೊದಲ ಭಾಗವನ್ನು ನಿಘಂಟಿನಿಂದ ಅಕಾರಾದಿಯಾಗಿ ಇಳಿಸಿಕೊಂಡಿದ್ದಳು. ಆಮೇಲಿನದು ಮೊಬೈಲ್‌ನಲ್ಲಿ ಸಿಕ್ಕ ‘ದಿನಕ್ಕೆ ಐವತ್ತು ಪದ’ ಎಂಬಂಥ ಪಟ್ಟಿಗಳಿಂದ ಬಂದದ್ದು. ಒಟ್ಟು ಪದಗಳು ಸಾವಿರದ ಲೆಕ್ಕ ದಾಟಿದ್ದವು. ಅಕ್ಷರ ದುಂಡಗಿತ್ತು, ಪುಟಗಳು ಅಚ್ಚುಕಟ್ಟಾಗಿದ್ದವು.

ಅವಳು ಹೇಳಿಕೊಂಡ ತೊಂದರೆ ಒಂದೇ ಸಾಲಿನದು. “ಸರ್, ನನಗೆ ನೆನಪಿನ ಶಕ್ತಿ ಕಡಿಮೆ. ಎಷ್ಟು ಬರೆದರೂ ನಿಲ್ಲುವುದಿಲ್ಲ.” ಮನೆಯವರೂ ಅದನ್ನೇ ನಂಬಿದ್ದರು. ಈ ಮಾತನ್ನು ನಾನು ಅಲ್ಲಿಯೇ ಒಪ್ಪಲಿಲ್ಲ. ಆಲದ ಮರಕ್ಕೆ ಫೈಕಸ್ ಬೆಂಗಾಲೆನ್ಸಿಸ್, ಬೇವಿಗೆ ಅಜಾಡಿರಾಕ್ಟಾ ಇಂಡಿಕಾ ಎಂದು ತಡವರಿಸದೆ ಹೇಳುವ ಹುಡುಗಿಯ ನೆನಪಿಗೆ ಏನು ಕೊರತೆ? ಲ್ಯಾಟಿನ್ ಹೆಸರುಗಳು ನಿಲ್ಲುತ್ತವೆ, ಇಂಗ್ಲಿಷ್ ಪದಗಳು ನಿಲ್ಲುವುದಿಲ್ಲ ಎಂದಾದರೆ ತೊಡಕು ಕಲಿಯುವ ಕ್ರಮದಲ್ಲಿದೆ. ಕಷ್ಟಪಟ್ಟು ದುಡಿದ ವಿದ್ಯಾರ್ಥಿಗಳು ಕೊನೆಗೆ ತಮ್ಮ ತಲೆಯನ್ನೇ ದೂರಿಕೊಳ್ಳುವುದನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಪರೀಕ್ಷಿಸಿದಾಗ ಕಂಡದ್ದು

ಅವಳದೇ ನೋಟ್‌ಬುಕ್ಕಿನ ಪದಗಳನ್ನು ನಾಲ್ಕು ರೀತಿಯಲ್ಲಿ ಕೇಳಿದೆ. ಪುಟದ ಕ್ರಮದಲ್ಲಿ ಮೇಲಿನಿಂದ ಕೆಳಕ್ಕೆ ಕೇಳಿದಾಗ ಬಹುತೇಕ ಎಲ್ಲಕ್ಕೂ ಅರ್ಥ ಹೇಳಿದಳು. ಅವೇ ಪದಗಳನ್ನು ಹಿಂದುಮುಂದು ಮಾಡಿ ಕೇಳಿದಾಗ ಅರ್ಧಕ್ಕೆ ಇಳಿಯಿತು. ಕನ್ನಡ ಅರ್ಥ ಹೇಳಿ ಇಂಗ್ಲಿಷ್ ಪದ ಕೇಳಿದಾಗ ಇನ್ನೂ ಇಳಿಯಿತು. ಪದವನ್ನು ಒಂದು ವಾಕ್ಯದಲ್ಲಿ ಬಳಸು ಎಂದಾಗ ಬಂದದ್ದು ಬೆರಳೆಣಿಕೆಯಷ್ಟು.

ಮೊದಲ ಎರಡರ ನಡುವಿನ ಅಂತರ ತುಂಬ ಹೇಳುತ್ತದೆ. ಅವಳು ನೆನಪಿಟ್ಟುಕೊಂಡದ್ದರಲ್ಲಿ ಪುಟದ ಪಾಲು ದೊಡ್ಡದು: ಎಡಮೂಲೆಯಲ್ಲಿ ಯಾವ ಪದವಿದೆ, ಅದರ ಕೆಳಗೆ ಯಾವುದು ಬರುತ್ತದೆ ಎಂಬುದು. ಮನೆಯಲ್ಲಿ ಅಪ್ಪ ಪ್ರೀತಿಯಿಂದ ನೋಟ್‌ಬುಕ್ ಹಿಡಿದು ಕೇಳುತ್ತಿದ್ದದ್ದೂ ಅದೇ ಕ್ರಮದಲ್ಲಿ. ಹಾಗಾಗಿ ಅಲ್ಲಿ ಯಾವಾಗಲೂ ಗೆಲ್ಲುತ್ತಿದ್ದಳು, ತರಗತಿಯಲ್ಲಿ ಯಾವಾಗಲೂ ಸೋಲುತ್ತಿದ್ದಳು. ಇದಕ್ಕೆ ಅವಳು ಕಂಡುಕೊಂಡ ವಿವರಣೆ ‘ನೆನಪಿನ ಶಕ್ತಿ ಕಡಿಮೆ’ ಎಂಬುದು.

ಆಮೇಲೆ ಅವಳ ಪಠ್ಯಪುಸ್ತಕದ ಒಂದು ಪುಟ ಕೊಟ್ಟು, ಗೊತ್ತಿಲ್ಲದ ಪದಗಳಿಗೆ ಪೆನ್ಸಿಲ್‌ನಿಂದ ಗೆರೆ ಎಳೆಯಲು ಹೇಳಿದೆ. ಇಡೀ ಪ್ರಕರಣದ ಗಂಟು ಬಿಚ್ಚಿಕೊಂಡದ್ದು ಇಲ್ಲಿ. ‘ಫೋಟೊಸಿಂಥೆಸಿಸ್’, ‘ಕ್ಲೋರೋಪ್ಲಾಸ್ಟ್’ ಮುಂತಾದ ಪಾರಿಭಾಷಿಕ ಪದಗಳಿಗೆ ಗೆರೆ ಬಿದ್ದಿರಲಿಲ್ಲ. ಅವನ್ನು ಪಾಠದಲ್ಲೇ ವಿವರಿಸಿರುತ್ತಾರೆ, ಚಿತ್ರವೂ ಇರುತ್ತದೆ. ‘ವಾಟರ್’, ‘ಲೀಫ್’, ‘ಗ್ರೋ’ ಕೂಡ ಸರಿ. ಗೆರೆ ಬಿದ್ದದ್ದು ‘ಅಸ್ಯೂಮ್’, ‘ಕನ್ಸಿಸ್ಟ್’, ‘ಡಿರೈವ್’, ‘ರಿಟೇನ್’, ‘ವೇರಿ’, ‘ಅಕರ್’, ‘ಇಂಡಿಕೇಟ್’, ‘ವೇರ್‌ಆ್ಯಸ್’, ‘ಹೆನ್ಸ್’ ಇಂಥವುಗಳಿಗೆ. ಇವು ಯಾವ ಒಂದು ವಿಷಯಕ್ಕೂ ಸೇರಿದವಲ್ಲ, ಎಲ್ಲ ವಿಷಯದ ಪುಸ್ತಕಗಳಲ್ಲೂ ಬರುತ್ತವೆ. ಯಾವ ಉಪನ್ಯಾಸಕರೂ ತರಗತಿಯಲ್ಲಿ ಇವನ್ನು ನಿಲ್ಲಿಸಿ ವಿವರಿಸುವುದಿಲ್ಲ, ಏಕೆಂದರೆ ಇವು ವಿದ್ಯಾರ್ಥಿಗಳಿಗೆ ಗೊತ್ತಿರುತ್ತವೆ ಎಂದೇ ಅವರ ಎಣಿಕೆ. ಅತ್ತ ಅವಳ ನೋಟ್‌ಬುಕ್ಕಿನಲ್ಲಿ ತುಂಬಿದ್ದದ್ದು ಹೆಚ್ಚಾಗಿ ‘ಅಬೇಟ್’, ‘ಅಬ್‌ಹಾರ್’, ‘ಅಬ್ಸ್‌ಕಾಂಡ್’. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಯಾರೂ ತಲೆಮರೆಸಿಕೊಂಡು ಓಡಿಹೋಗುವುದಿಲ್ಲ.

ಈ ನಡುವಿನ ಪದಗಳ ಬಗ್ಗೆ ಭಾಷಾ ಬೋಧನೆಯ ಕ್ಷೇತ್ರದಲ್ಲಿ ಬಹಳ ಕೆಲಸ ನಡೆದಿದೆ. ಮೈಕೆಲ್ ವೆಸ್ಟ್ 1953ರಲ್ಲಿ ಇಂಗ್ಲಿಷ್ ಕಲಿಯುವವರಿಗಾಗಿ ಸುಮಾರು 2000 ಪದಗಳ ಸಾಮಾನ್ಯ ಬಳಕೆಯ ಪಟ್ಟಿಯನ್ನು ಪ್ರಕಟಿಸಿದರು. 2000ನೇ ಇಸವಿಯಲ್ಲಿ ಅವೆರಿಲ್ ಕಾಕ್ಸ್‌ಹೆಡ್ ಶೈಕ್ಷಣಿಕ ಬರಹಗಳ ಸುಮಾರು 35 ಲಕ್ಷ ಪದಗಳ ಸಂಗ್ರಹವನ್ನು ಪರಿಶೀಲಿಸಿ, ವೆಸ್ಟ್ ಪಟ್ಟಿಯ ಹೊರಗಿದ್ದೂ ಹಲವು ವಿಷಯಗಳಲ್ಲಿ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು (ಒಂದೇ ಮೂಲಪದದ ಬೇರೆ ಬೇರೆ ರೂಪಗಳ ಗುಂಪುಗಳನ್ನು) ಗುರುತಿಸಿದರು. ಆ ಬರಹಗಳಲ್ಲಿ ವೆಸ್ಟ್ ಪಟ್ಟಿಯ ಪದಗಳ ಪಾಲು ಸುಮಾರು ಶೇ 76, ಕಾಕ್ಸ್‌ಹೆಡ್ ಪಟ್ಟಿಯ ಪಾಲು ಸುಮಾರು ಶೇ 10. ಅಂದರೆ ಪಠ್ಯಪುಸ್ತಕದ ಪ್ರತಿ ಹತ್ತು ಪದಗಳಲ್ಲಿ ಸರಾಸರಿ ಒಂದು ಈ 570 ಕುಟುಂಬಗಳಿಗೆ ಸೇರಿರುತ್ತದೆ. ನಮ್ಮ ವಿದ್ಯಾರ್ಥಿನಿ ಗೆರೆ ಎಳೆದ ಪದಗಳನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ, ಮೇಲೆ ಹೇಳಿದ ಒಂಬತ್ತೂ ಅದರಲ್ಲಿವೆ.

ಇನ್ನೊಂದು ಲೆಕ್ಕವನ್ನೂ ಅವಳಿಗೆ ತೋರಿಸಿದೆ. ಯಾರ ನೆರವೂ ಇಲ್ಲದೆ ಓದಿ ಚೆನ್ನಾಗಿ ಗ್ರಹಿಸಬೇಕಾದರೆ ಬರಹದ ಶೇ 98ರಷ್ಟು ಪದಗಳು ಗೊತ್ತಿರಬೇಕಾಗುತ್ತದೆ ಎಂದು ಭಾಷಾ ಕಲಿಕೆಯ ಸಂಶೋಧಕರಾದ ಹು ಮತ್ತು ಪಾಲ್ ನೇಷನ್ ನಡೆಸಿದ ಅಧ್ಯಯನ ಹೇಳುತ್ತದೆ. ಐವತ್ತು ಪದಕ್ಕೆ ಒಂದು ಗೊತ್ತಿಲ್ಲದಿದ್ದರೆ ಸಂದರ್ಭದಿಂದ ಊಹಿಸಬಹುದು. ಹತ್ತಕ್ಕೆ ಎರಡು ಗೊತ್ತಿಲ್ಲದಿದ್ದರೆ ಊಹೆಗೆ ಆಧಾರವಾಗಬೇಕಾದ ಸಂದರ್ಭವೇ ಕುಸಿದುಬೀಳುತ್ತದೆ. ಅವಳು ಇದ್ದದ್ದು ಹೆಚ್ಚುಕಡಿಮೆ ಆ ಸ್ಥಿತಿಯಲ್ಲಿ. ಇದನ್ನು ಕೇಳಿ ಅವಳ ಮುಖ ಮೊದಲ ಬಾರಿ ಹಗುರಾಯಿತು. ಸೋಲಿಗೆ ಒಂದು ಕಾರಣ ಸಿಕ್ಕಿತ್ತು, ಆ ಕಾರಣ ಅವಳ ತಲೆಯಾಗಿರಲಿಲ್ಲ.

ಒಂದು ‘ಪಡೆ’, ಆರು ಪದ

ಮೂರನೆಯ ಅಂಕಣವನ್ನು ಓದುತ್ತ ಹೋದಾಗ ಇನ್ನೊಂದು ತೊಡಕು ಕಂಡಿತು. ‘ಅಬ್ಟೇನ್’ ಎದುರು ‘ಪಡೆ’. ‘ಅಕ್ವೈರ್’ ಎದುರು ‘ಪಡೆ’. ‘ಗೇನ್’, ‘ರಿಸೀವ್’, ‘ಅಟೇನ್’, ‘ಡಿರೈವ್’ ಎಲ್ಲದರ ಎದುರೂ ‘ಪಡೆ’. ಬೇರೆ ಬೇರೆ ಪುಟಗಳಲ್ಲಿ, ಬೇರೆ ಬೇರೆ ದಿನ ಬರೆದದ್ದರಿಂದ ಅವಳ ಗಮನಕ್ಕೆ ಬಂದಿರಲಿಲ್ಲ. ಯಾವುದೂ ತಪ್ಪು ಅರ್ಥವಲ್ಲ. ಆದರೆ ಇಂಗ್ಲಿಷ್‌ನಲ್ಲಿ ಅನುಮತಿಯನ್ನು ‘ಅಬ್ಟೇನ್’ ಮಾಡುತ್ತಾರೆ, ಕೌಶಲವನ್ನು ‘ಅಕ್ವೈರ್’ ಮಾಡುತ್ತಾರೆ, ತೂಕವನ್ನು ‘ಗೇನ್’ ಮಾಡುತ್ತಾರೆ, ಪತ್ರವನ್ನು ‘ರಿಸೀವ್’ ಮಾಡುತ್ತಾರೆ, ಗುರಿಯನ್ನು ‘ಅಟೇನ್’ ಮಾಡುತ್ತಾರೆ. ‘ಡಿರೈವ್’ ಇದ್ದಲ್ಲಿ ಒಂದು ಮೂಲವೂ ಇರುತ್ತದೆ, ಆ ಮೂಲದ ಹಿಂದೆ ‘ಫ್ರಮ್’ ಬರುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ವಾಕ್ಯ ಅರ್ಥವಾದೀತು, ಆದರೆ ಇಂಗ್ಲಿಷ್ ಬಲ್ಲವರ ಕಿವಿಗೆ ಹೊಂದುವುದಿಲ್ಲ. ಪದವನ್ನು ಅದರ ಒಡನಾಡಿಗಳಿಂದ ತಿಳಿಯಬೇಕು ಎಂಬರ್ಥದ ಮಾತನ್ನು ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಹೇಳಿದ್ದರು. ಅವಳ ನೋಟ್‌ಬುಕ್ಕಿನಲ್ಲಿ ಒಂದೂ ಪದಕ್ಕೆ ಒಡನಾಡಿ ಇರಲಿಲ್ಲ.

ತಿರುಗಿಸಿ ನೋಡಿದರೂ ಇದೇ ಕಥೆ. ಕನ್ನಡದ ‘ಕೇಳು’ ಇಂಗ್ಲಿಷ್‌ನಲ್ಲಿ ‘ಆಸ್ಕ್’, ‘ಹಿಯರ್’, ‘ಲಿಸನ್’ ಎಂದು ಒಡೆಯುತ್ತದೆ. ‘ನೋಡು’ ಎಂಬುದು ‘ಸೀ’, ‘ಲುಕ್’, ‘ವಾಚ್’ ಆಗುತ್ತದೆ. ನಾವು ‘ಒಂದು ವಿಷಯದ ಬಗ್ಗೆ’ ಚರ್ಚಿಸುತ್ತೇವೆ. ಆ ‘ಬಗ್ಗೆ’ಯನ್ನು ಹೊತ್ತುಕೊಂಡು ಹೋಗಿ ‘ಡಿಸ್ಕಸ್’ ಎಂಬುದರ ಮುಂದೆ ‘ಅಬೌಟ್’ ಸೇರಿಸುವ ತಪ್ಪನ್ನು ಅವಳೂ ಮಾಡುತ್ತಿದ್ದಳು.

ಇಲ್ಲಿ ನನ್ನ ನಿಲುವನ್ನು ಸ್ಪಷ್ಟವಾಗಿ ಹೇಳಬೇಕು. ಇಂಥ ಉದಾಹರಣೆಗಳನ್ನು ಹಿಡಿದುಕೊಂಡು ‘ಕನ್ನಡ ಅರ್ಥವನ್ನೇ ಬಿಟ್ಟುಬಿಡಿ, ಇಂಗ್ಲಿಷ್‌ನಲ್ಲೇ ಯೋಚಿಸಿ’ ಎಂದು ಉಪದೇಶಿಸುವವರಿದ್ದಾರೆ. ನಾನು ಅದನ್ನು ಬಲವಾಗಿ ವಿರೋಧಿಸುತ್ತೇನೆ. ‘ಸ್ಟೆಮ್’ ಎಂದರೆ ಕಾಂಡ ಎಂದು ಒಂದೇ ಪದದಲ್ಲಿ ಮುಗಿಯುವುದನ್ನು ಇಂಗ್ಲಿಷ್ ವಿವರಣೆಯ ಎರಡು ಸಾಲಿನಲ್ಲಿ ಹುಡುಕುವುದು ವೃಥಾ ದಣಿವು. ಆ ವಿವರಣೆಯಲ್ಲೇ ಗೊತ್ತಿಲ್ಲದ ಮತ್ತೆರಡು ಪದಗಳಿದ್ದರೆ ಕಲಿಯುವವಳು ಎಲ್ಲಿಗೆ ಹೋಗಬೇಕು? ಮಾತೃಭಾಷೆಯ ಅರ್ಥ ಹೊಸ ಪದವನ್ನು ಪ್ರವೇಶಿಸುವ ಅತಿ ಹತ್ತಿರದ ಬಾಗಿಲು. ಅವಳು ಬಾಗಿಲಲ್ಲೇ ನಿಂತುಬಿಟ್ಟಿದ್ದಳು, ಅಷ್ಟೇ. ಒಳಗೆ ಕರೆದುಕೊಂಡು ಹೋಗುವ ಕೆಲಸ ಬಾಕಿಯಿತ್ತು.

ಉಚ್ಚಾರಣೆಯ ಅಂಕಣದಲ್ಲಿ ಬೇರೆ ಬಗೆಯ ಅಪಾಯವಿತ್ತು. ಕೇಳಿ ಬರೆದದ್ದಕ್ಕಿಂತ ಕಾಗುಣಿತ ನೋಡಿ ಊಹಿಸಿ ಬರೆದದ್ದು ಹೆಚ್ಚು. ‘ಡಿಟರ್ಮಿನ್’ ಎಂಬುದನ್ನು ‘ಡಿಟರ್‌ಮೈನ್’ ಎಂದು, ‘ಡೆಟ್’ ಎಂಬುದನ್ನು ‘ಡೆಬ್ಟ್’ ಎಂದು ಬರೆದುಕೊಂಡಿದ್ದಳು. ಉಪನ್ಯಾಸಕರ ಬಾಯಲ್ಲಿ ಆ ಪದ ಬಂದಾಗ ಅದು ತನಗೆ ಗೊತ್ತಿರುವ ಪದವೇ ಎಂದು ಅವಳಿಗೆ ಹೊಳೆಯುತ್ತಿರಲಿಲ್ಲ. ಸರಿಯಾಗಿ ಬರೆದರೂ ದನಿಯ ಒತ್ತು ಪದದ ಯಾವ ಭಾಗದ ಮೇಲೆ ಬೀಳುತ್ತದೆ ಎಂಬುದು ನಮ್ಮ ಲಿಪಿಯಲ್ಲಿ ಕಾಣುವುದಿಲ್ಲ. ‘ರೆಕಾರ್ಡ್’ ನಾಮಪದವಾದಾಗ ಒತ್ತು ಮೊದಲ ಭಾಗದ ಮೇಲೆ, ಕ್ರಿಯಾಪದವಾದಾಗ ಎರಡನೆಯದರ ಮೇಲೆ. ಈ ಅಂಕಣವನ್ನು ಕೈಬಿಟ್ಟು, ನಿಘಂಟಿನ ಆ್ಯಪ್‌ನಲ್ಲಿ ಪದವನ್ನು ಕೇಳಿ, ಒತ್ತು ಬೀಳುವ ಭಾಗದ ಕೆಳಗೆ ಗೆರೆ ಹಾಕುವುದು ಎಂದು ತೀರ್ಮಾನಿಸಿದೆವು.

ಬದಲಾಯಿಸಿದ್ದು

ಮೊದಲ ಬದಲಾವಣೆ ಅವಳಿಗೆ ಅತ್ಯಂತ ಕಷ್ಟವಾದದ್ದು: ಹೊಸ ಪದಗಳ ಸಂಖ್ಯೆಯನ್ನು ಐವತ್ತರಿಂದ ಏಳೆಂಟಕ್ಕೆ ಇಳಿಸಿದೆವು. “ಹೀಗಾದರೆ ಯಾವಾಗ ಮುಗಿಯುತ್ತದೆ ಸರ್?” ಎಂದು ಕೇಳಿದಳು. ಮುಗಿಸಬೇಕಾದದ್ದು ನಿಘಂಟನ್ನಲ್ಲ, ನಿನ್ನ ಮುಂದಿನ ಅಧ್ಯಾಯವನ್ನು ಎಂದೆ. ಪದಗಳನ್ನು ಆಯ್ದುಕೊಳ್ಳುವುದು ಅವಳು ಆ ವಾರ ಓದಬೇಕಾದ ಪಾಠದಿಂದಲೇ. ಒಂದೇ ಅಧ್ಯಾಯದಲ್ಲಿ ಎರಡು ಮೂರು ಸಲ ಕಾಣಿಸಿಕೊಂಡ ಅಪರಿಚಿತ ಪದಕ್ಕೆ ಮೊದಲ ಸ್ಥಾನ. ಒಂದೇ ಸಲ ಬಂದು ಹೋದ ಅಪರೂಪದ ಪದವನ್ನು ಅರ್ಥ ನೋಡಿ ಅಲ್ಲಿಗೇ ಬಿಡುವುದು.

ನೋಟ್‌ಬುಕ್ಕಿನ ಬದಲು ಚಿಕ್ಕ ಕಾರ್ಡುಗಳು ಬಂದವು. ಮುಂಬದಿಯಲ್ಲಿ ಪಾಠದಿಂದಲೇ ತೆಗೆದ ವಾಕ್ಯ, ಕಲಿಯಬೇಕಾದ ಪದದ ಜಾಗ ಖಾಲಿ, ಪಕ್ಕದಲ್ಲಿ ಕನ್ನಡ ಅರ್ಥದ ಸುಳಿವು. ಹಿಂಬದಿಯಲ್ಲಿ ಪದ, ಅದರ ಒಂದೆರಡು ಒಡನಾಡಿಗಳು, ಅದೇ ಕುಟುಂಬದ ರೂಪಗಳು. ‘ವೇರಿ’ ಕಾರ್ಡಿನ ಹಿಂದೆ ‘ವೇರಿಯೇಷನ್’, ‘ವೇರಿಯಬಲ್’, ‘ವೆರೈಟಿ’. ಈ ನಾಲ್ಕೂ ಒಂದೇ ಬೇರಿನವು ಎಂದು ತಿಳಿದ ದಿನ ಅವಳಿಗೆ ಆದ ಸಂತೋಷ ದೊಡ್ಡದು. ‘ಜಾಣತನ’, ‘ಒಳ್ಳೆಯತನ’ ಎಂದು ‘ತನ’ ಸೇರಿಸಿ ಪದ ಕಟ್ಟುವ, ‘ಅಶುದ್ಧ’, ‘ಅನ್ಯಾಯ’ ಎಂದು ‘ಅ’ ಸೇರಿಸಿ ಅರ್ಥ ತಿರುಗಿಸುವ ಕನ್ನಡದ ಮಕ್ಕಳಿಗೆ ‘ನೆಸ್’, ‘ಅನ್’, ‘ಇನ್’ ಹೊಸ ವಿದ್ಯೆಯೇನಲ್ಲ. ವ್ಯಾಕರಣದ ಪಾಠದಲ್ಲಿ ಪ್ರತ್ಯಯ ಕಲಿತ ಬುದ್ಧಿಯನ್ನು ಇಲ್ಲಿಗೂ ತರಬಹುದು ಎಂದು ಯಾರಾದರೂ ಹೇಳಬೇಕು. ಜೊತೆಗೆ ಎಚ್ಚರಿಕೆಯನ್ನೂ ಹೇಳಬೇಕು: ‘ಇನ್‌ಫ್ಲೇಮಬಲ್’ ಎಂದರೆ ಬೆಂಕಿ ಹತ್ತದ್ದಲ್ಲ, ಸುಲಭವಾಗಿ ಹತ್ತುವಂಥದ್ದು. ‘ಇನ್‌ವ್ಯಾಲ್ಯುಬಲ್’ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು.

ಕಾರ್ಡುಗಳನ್ನು ತಿರುಗಿಸುವ ಕ್ರಮ ನನ್ನದಲ್ಲ. ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ವಿಜ್ಞಾನ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪೆಟ್ಟಿಗೆ ಪದ್ಧತಿ ಅದು. ಹೊಸ ಕಾರ್ಡು ಮೊದಲ ಖಾನೆಗೆ. ಸರಿಯಾಗಿ ಹೇಳಿದರೆ ಮುಂದಿನ ಖಾನೆಗೆ, ತಪ್ಪಿದರೆ ಎಷ್ಟೇ ಮುಂದೆ ಹೋಗಿದ್ದರೂ ಮತ್ತೆ ಮೊದಲನೆಯದಕ್ಕೆ. ಮೊದಲ ಖಾನೆಯನ್ನು ದಿನವೂ ನೋಡಬೇಕು, ಮುಂದಿನವನ್ನು ಹೆಚ್ಚುತ್ತಾ ಹೋಗುವ ಅಂತರದಲ್ಲಿ. ಇದರ ಹಿಂದಿರುವ ತಿಳಿವಳಿಕೆ ಇನ್ನೂ ಹಳೆಯದು. ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ನೆನಪು ಮೊದಲ ಗಂಟೆಗಳಲ್ಲಿ ವೇಗವಾಗಿ ಇಳಿಯುತ್ತದೆ, ಆಮೇಲೆ ಆ ಇಳಿತ ನಿಧಾನವಾಗುತ್ತದೆ. ಇಂದು ಐವತ್ತು ಪದ ಬರೆದು ನಾಳೆ ಬೇರೆ ಐವತ್ತಕ್ಕೆ ಹೋಗುವವಳು, ಮರೆವು ಅತ್ಯಂತ ರಭಸವಾಗಿರುವ ಹೊತ್ತಿನಲ್ಲೇ ಕೈಬಿಟ್ಟು ಹೋಗುತ್ತಿದ್ದಳು.

‘ನೋಡಿ ಓದುವುದು’ ಮತ್ತು ‘ಮುಚ್ಚಿ ನೆನಪಿಸಿಕೊಳ್ಳುವುದು’ ಇವೆರಡರ ವ್ಯತ್ಯಾಸವನ್ನು ಅವಳಿಗೆ ಮನದಟ್ಟು ಮಾಡಲು ಮನೋವಿಜ್ಞಾನಿಗಳಾದ ಕಾರ್ಪಿಕ್ ಮತ್ತು ರೋಡಿಗರ್ 2008ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವಿವರಿಸಿದೆ. ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥದೊಂದಿಗೆ ಕಲಿಸಿದರು. ಒಮ್ಮೆ ಸರಿಯಾಗಿ ಹೇಳಿದ ಪದವನ್ನು ಕೆಲವರು ಮತ್ತೆ ಮತ್ತೆ ಓದಿದರೂ ಅದರ ಮೇಲೆ ಮತ್ತೆ ಪರೀಕ್ಷೆ ಎದುರಿಸಲಿಲ್ಲ, ಕೆಲವರು ಮತ್ತೆ ಮತ್ತೆ ಪರೀಕ್ಷೆ ಎದುರಿಸಿದರು. ವಾರದ ನಂತರ ಪರೀಕ್ಷೆ ಎದುರಿಸಿದವರು ಸುಮಾರು ಶೇ 80ರಷ್ಟು ನೆನಪಿಟ್ಟುಕೊಂಡಿದ್ದರು. ಓದಿಗೇ ನಿಂತವರ ನೆನಪು ಶೇ 40ನ್ನೂ ಮುಟ್ಟಲಿಲ್ಲ. ಸರಿಯಾಗಿ ಹೇಳಿಯಾಯಿತು, ಇನ್ನು ಕೇಳಿಕೊಳ್ಳಬೇಕಿಲ್ಲ ಎಂದುಕೊಂಡಲ್ಲೇ ಪದ ಜಾರುತ್ತದೆ. ಅವಳ ನೋಟ್‌ಬುಕ್ಕಿನಲ್ಲಿ ಪದವೂ ಅರ್ಥವೂ ಒಂದೇ ಸಾಲಿನಲ್ಲಿ ಕಣ್ಣೆದುರು ಇದ್ದದ್ದರಿಂದ, ಓದಿದಾಗಲೆಲ್ಲ ‘ಗೊತ್ತಿದೆ’ ಎನಿಸುತ್ತಿತ್ತು. ಗೊತ್ತಿದೆಯೇ ಎಂದು ಕೇಳಿಕೊಳ್ಳುವ ಸಂದರ್ಭವೇ ಬರುತ್ತಿರಲಿಲ್ಲ.

ಒಂದೇ ರೀತಿ ಕೇಳಿಸುವ ಜೋಡಿಗಳನ್ನು ಬೇರ್ಪಡಿಸಿದೆವು. ‘ಅಡಾಪ್ಟ್’ ಎಂಬ ದತ್ತು ತೆಗೆದುಕೊಳ್ಳುವ ಪದ, ‘ಅಡ್ಯಾಪ್ಟ್’ ಎಂಬ ಪರಿಸರಕ್ಕೆ ಹೊಂದಿಕೊಳ್ಳುವ ಪದ ನಿಘಂಟಿನ ಕೃಪೆಯಿಂದ ಒಂದೇ ಪುಟದಲ್ಲಿ ಕೂತು, ಅವಳ ತಲೆಯಲ್ಲಿ ಶಾಶ್ವತವಾಗಿ ಅದಲುಬದಲಾಗಿದ್ದವು. ಸಸ್ಯಶಾಸ್ತ್ರದ ವಿದ್ಯಾರ್ಥಿನಿಗೆ ಇದು ಸಣ್ಣ ತೊಂದರೆಯಲ್ಲ. ಜೀವಿಗಳು ಹೊಂದಿಕೊಳ್ಳುವ ಪದವನ್ನು ಮೊದಲು ಗಟ್ಟಿ ಮಾಡಿಕೊಂಡು, ಇನ್ನೊಂದರ ಕಾರ್ಡನ್ನು ವಾರಗಳ ನಂತರ ಸೇರಿಸಿದಳು. ಧ್ವನಿಯಲ್ಲಷ್ಟೇ ಅಲ್ಲ, ಅರ್ಥದಲ್ಲಿ ಹತ್ತಿರವಿರುವ ಪದಗಳನ್ನು ಒಟ್ಟಿಗೆ ಕಲಿತರೂ ಒಂದಕ್ಕೊಂದು ಅಡ್ಡ ಬರುತ್ತವೆ ಎಂದು ಭಾಷಾ ಕಲಿಕೆಯ ಸಂಶೋಧಕರಾದ ಟಿಂಕ್‌ಹ್ಯಾಮ್ ಮತ್ತು ವೇರಿಂಗ್ 1990ರ ದಶಕದಲ್ಲಿ ತೋರಿಸಿದ್ದಾರೆ. ಹೀಗಿದ್ದೂ ಸಮಾನಾರ್ಥಕಗಳನ್ನೂ ವಿರುದ್ಧಾರ್ಥಕಗಳನ್ನೂ ಗೊಂಚಲು ಗೊಂಚಲಾಗಿ ಕೊಡುವ ಪುಸ್ತಕಗಳೇ ಇಂದಿಗೂ ಹೆಚ್ಚು. ಆ ಗೊಂಚಲುಗಳು ಗೊತ್ತಿರುವುದನ್ನು ಜೋಡಿಸಿಕೊಳ್ಳಲು ಒಳ್ಳೆಯವು, ಮೊದಲ ಕಲಿಕೆಗೆ ಅಲ್ಲ.

ಕೆಲವು ಪದಗಳಿಗೆ ಕನ್ನಡದ ಧ್ವನಿಯೇ ಕೊಕ್ಕೆಯಾಯಿತು. ‘ಆ್ಯರಿಡ್’ ಎಂದರೆ ಶುಷ್ಕ. ಅವಳು ಅದನ್ನು ‘ಆರಿದ’ ನೆಲ ಎಂದು ಹಿಡಿದುಕೊಂಡಳು, ಮತ್ತೆ ಬಿಡಲಿಲ್ಲ. ಧ್ವನಿಸಾಮ್ಯವಿರುವ ಸ್ವಂತ ಭಾಷೆಯ ಪದದ ಮೂಲಕ ಹೊಸ ಪದವನ್ನು ನೆನಪಿಡುವ ಈ ಉಪಾಯವನ್ನು ಅಟ್ಕಿನ್‌ಸನ್ ಮತ್ತು ರಾ 1975ರಲ್ಲಿ ರಷ್ಯನ್ ಪದಗಳ ಮೇಲೆ ಪ್ರಯೋಗಿಸಿ ಫಲ ಕಂಡಿದ್ದರು. ಎಲ್ಲ ಪದಕ್ಕೂ ಇದನ್ನು ಎಳೆದು ತರಬೇಕಾಗಿಲ್ಲ. ತಾನಾಗಿ ಹೊಳೆದಲ್ಲಿ ಬಳಸಿದರೆ ಸಾಕು.

ಆದದ್ದು, ಆಗದೆ ಉಳಿದದ್ದು

ಮೊದಲ ವಾರಗಳಲ್ಲಿ ಅವಳಿಗೆ ಹಿಂದಕ್ಕೆ ಹೋಗುತ್ತಿರುವಂತೆ ಅನಿಸಿತು. ಕಾರ್ಡುಗಳು ಮೊದಲ ಖಾನೆಗೆ ಮರಳಿ ಬೀಳುತ್ತಲೇ ಇದ್ದವು. ನೋಟ್‌ಬುಕ್ಕಿನಲ್ಲಿ ಮರೆವು ಕಾಣುತ್ತಿರಲಿಲ್ಲ, ಇಲ್ಲಿ ಕಣ್ಣಿಗೆ ಹೊಡೆಯುತ್ತಿತ್ತು. ಈ ಹಂತದಲ್ಲಿ ಬಹಳ ಮಂದಿ ಕೈಬಿಡುತ್ತಾರೆ. ಅವಳನ್ನು ಹಿಡಿದಿಟ್ಟದ್ದು ಪಾಠ ಮತ್ತು ಕಾರ್ಡಿನ ನಡುವಿನ ನೇರ ಸಂಬಂಧ: ಬೆಳಿಗ್ಗೆ ಕಾರ್ಡಿನಲ್ಲಿ ಕಂಡ ‘ರಿಟೇನ್’ ಮಧ್ಯಾಹ್ನ ತರಗತಿಯ ಪುಟದಲ್ಲಿ ಎದುರಾಗುತ್ತಿತ್ತು. ಅಧ್ಯಾಯಗಳು ಮುಂದುವರಿದಂತೆ ಗೆರೆಗಳು ವಿರಳವಾದವು. ಅರೆವಾರ್ಷಿಕ ಪರೀಕ್ಷೆಯ ಹೊತ್ತಿಗೆ ಒಂದು ಪುಟವನ್ನು ನಿಘಂಟು ಮುಟ್ಟದೆ ಓದಿ, ಅದರ ಸಾರವನ್ನು ಕನ್ನಡದಲ್ಲಿ ಸರಿಯಾಗಿ ಹೇಳುವಷ್ಟಾದಳು. ಏಕದಳ ಮತ್ತು ದ್ವಿದಳ ಸಸ್ಯಗಳ ವ್ಯತ್ಯಾಸ ಕೇಳಿದ ಪ್ರಶ್ನೆಗೆ ಉತ್ತರ ಬರೆಯುವಾಗ ‘ವೇರ್‌ಆ್ಯಸ್’ ಅನ್ನು ತಾನಾಗಿಯೇ, ಸರಿಯಾದ ಜಾಗದಲ್ಲಿ ಬಳಸಿದ್ದಳು. ಅಪ್ಪನಿಗೂ ಈಗ ಕೆಲಸವಿದೆ: ಕಾರ್ಡುಗಳನ್ನು ಕಲೆಸಿ ಕೊಡುವುದು.

‘ಹೆನ್ಸ್’, ‘ದಸ್’, ‘ದೇರ್‌ಬೈ’ ಮಾತ್ರ ಜಗ್ಗಲಿಲ್ಲ. ಇವುಗಳಿಗೆ ಚಿತ್ರವಿಲ್ಲ, ಒಡನಾಡಿ ಪದವೂ ಇಲ್ಲ. ಇವು ಎರಡು ವಿಚಾರಗಳ ನಡುವಿನ ಸಂಬಂಧವನ್ನು ಹೇಳುತ್ತವೆ, ಆದ್ದರಿಂದ ಒಂದು ವಾಕ್ಯದ ಕಾರ್ಡಿಗೆ ಒಗ್ಗುವುದಿಲ್ಲ. ಇವಕ್ಕಾಗಿ ಹಿಂದಿನ ವಾಕ್ಯವನ್ನೂ ಸೇರಿಸಿ ಬರೆದುಕೊಳ್ಳುವ ಕ್ರಮ ಶುರುವಾಗಿದೆ. ಬರವಣಿಗೆಯಲ್ಲಿ ‘ಇನ್’, ‘ಆನ್’, ‘ಆ್ಯಟ್’ ಇನ್ನೂ ತಪ್ಪುತ್ತವೆ.

ಕೇಳಿ ಅರ್ಥ ಮಾಡಿಕೊಳ್ಳುವುದು ಓದಿನಷ್ಟು ಸುಧಾರಿಸಿಲ್ಲ. ಪುಟದ ಮೇಲೆ ತಕ್ಷಣ ಗುರುತಿಸುವ ಪದ ಮಾತಿನ ಓಟದಲ್ಲಿ ಬಂದಾಗ ತಪ್ಪಿಸಿಕೊಳ್ಳುತ್ತದೆ. ಈಗ ನಡೆಯುತ್ತಿರುವ ಕೆಲಸ ಅದರ ಮೇಲೆ. ಅಧ್ಯಾಯವನ್ನು ಓದಿ ಮುಗಿಸಿದ ಮೇಲೆ ಅದೇ ವಿಷಯದ ಇಂಗ್ಲಿಷ್ ಉಪನ್ಯಾಸದ ಒಂದು ಚಿಕ್ಕ ತುಣುಕನ್ನು ಕೇಳುತ್ತಾಳೆ, ತನ್ನ ಕಾರ್ಡಿನ ಪದ ಕಿವಿಗೆ ಬಿದ್ದಾಗ ಒಂದು ಗುರುತು ಹಾಕುತ್ತಾಳೆ. ಆಮೇಲೆ ಅದೇ ಭಾಗವನ್ನು ಅಕ್ಷರರೂಪದಲ್ಲಿ ನೋಡಿ, ಕಿವಿ ತಪ್ಪಿಸಿಕೊಂಡವು ಯಾವುವು ಎಂದು ಹುಡುಕುತ್ತಾಳೆ. ಹಾಗೆ ತಪ್ಪಿದ ಪದದ ಕಾರ್ಡು ಕೊನೆಯ ಖಾನೆಯಲ್ಲಿದ್ದರೂ ಮೊದಲನೆಯದಕ್ಕೆ ಮರಳುತ್ತದೆ. ಈ ನಿಯಮವನ್ನು ಸೇರಿಸಿದವಳು ಅವಳೇ.